ಹೊಳೆದಂಡೆಯ ಹೊಲಕ್ಕೆ ಯಾವ ಸರ್ಕಾರಿ ಯೋಜನೆ ಹೊಂದುತ್ತದೆ? ಸಬ್ಸಿಡಿಗಿಂತ ಮೊದಲು ನೆರೆಯ ಗುರುತು ನೋಡಿ

ರೈತ ಸಂಪರ್ಕ ಕೇಂದ್ರದ ಕಿಟಕಿಯಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ಒಂದೇ: "ಸಾಹೇಬ್ರ, ಇದಕ್ಕ ಎಷ್ಟ ಪರ್ಸೆಂಟ್ ಸಬ್ಸಿಡಿ ಐತ್ರಿ?" ಮಡ್ಡಿ, ಅಂದರೆ ಎತ್ತರದ ಒಣ ಹೊಲದವರಿಗೆ ಈ ಪ್ರಶ್ನೆ ಸರಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಭೀಮಾ, ತುಂಗಭದ್ರಾ ದಂಡೆಯಲ್ಲಿ ಜಮೀನು ಇರುವವರಿಗೆ ಇದೊಂದೇ ಸಾಲದು. ನಿಮ್ಮ ಹೊಲಕ್ಕೆ ಎರಡು ಕಷ್ಟ ಇದೆ. ಮಾರ್ಚ್‌ನಿಂದ ಮೇವರೆಗೆ ನೀರು ಸಾಲುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅದೇ ನೀರು ಹೊಲದೊಳಗೇ ಬಂದು ಕೂರುತ್ತದೆ. ಸರ್ಕಾರದ ಬಹುತೇಕ ಯೋಜನೆಗಳು ಮೊದಲ ಕಷ್ಟಕ್ಕೆ ಮಾಡಿದವು. ಎರಡನೆಯ ಕಷ್ಟಕ್ಕೆ ಇರುವ ಯೋಜನೆಗಳು ಕಡಿಮೆ, ಅವನ್ನು ಕೇಳುವವರು ಇನ್ನೂ ಕಡಿಮೆ.

ಹಾಗಾಗಿ ಇಲ್ಲಿ ಯೋಜನೆಗಳನ್ನು ಸಬ್ಸಿಡಿಯ ಲೆಕ್ಕದಲ್ಲಿ ಸಾಲಾಗಿ ಜೋಡಿಸಿಲ್ಲ. ನೆರೆ ಬಂದಾಗ ಆ ಸಾಮಾನು ಉಳಿಯುತ್ತದೆಯೇ, ನಿಮ್ಮ ಉತಾರದ (ಪಹಣಿಯ) ಪ್ರಕಾರ ನಿಮಗೆ ಅದು ಸಿಗುತ್ತದೆಯೇ, ಈ ಎರಡನ್ನೇ ಹಿಡಿದು ಹೋಲಿಸಿದ್ದೇನೆ.

ಮೊದಲು ನಿಮ್ಮ ಹೊಲವನ್ನು ಮೂರು ಭಾಗ ಮಾಡಿ

ಹೊಳೆದಂಡೆಯ ಜಮೀನು ಎಂದರೆ ಒಂದೇ ಮಟ್ಟದ ಜಮೀನಲ್ಲ. ಹೊಳೆಗೆ ಹತ್ತಿಕೊಂಡ ತಗ್ಗು ಪಟ್ಟಿಗೆ ಹೆಚ್ಚುಕಡಿಮೆ ವರ್ಷವರ್ಷವೂ ನೀರು ಏರುತ್ತದೆ. ಅದರ ಮೇಲಿನ ನಡು ಪಟ್ಟಿಗೆ ದೊಡ್ಡ ನೆರೆ ಬಂದಾಗ ಮಾತ್ರ ನೀರು. ಅದಕ್ಕೂ ಮೇಲೆ ಮಡ್ಡಿ. ಅಲ್ಲಿಗೆ ನೆರೆ ಬರುವುದಿಲ್ಲ, ನೀರಾವರಿಯೂ ಬಂದಿರುವುದಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಮಲಪ್ರಭಾ ದಂಡೆಯವರು 2009 ಮತ್ತು 2019ರಲ್ಲಿ ನೀರು ಎಲ್ಲಿಗೆ ಬಂದು ನಿಂತಿತ್ತು ಎಂದು ನೋಡಿ. ಕೃಷ್ಣಾ, ಘಟಪ್ರಭಾ ದಂಡೆಯವರಿಗೆ 2005 ಮತ್ತು 2019. ಭೀಮಾ ದಂಡೆಯವರಿಗೆ 2020ರ ಅಕ್ಟೋಬರ್ ಮತ್ತು 2025ರ ಸೆಪ್ಟೆಂಬರ್. ಬದುವಿನ ಬೇವಿನ ಮರದಲ್ಲಿ ಕಸ ಎಷ್ಟು ಎತ್ತರಕ್ಕೆ ಸಿಕ್ಕಿತ್ತು, ಯಾವ ಕಂಬದವರೆಗೆ ರೇವೆ ಮಣ್ಣು (ನೆರೆ ತಂದುಬಿಡುವ ಹೂಳು) ಬಂದಿತ್ತು ಎನ್ನುವುದು ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಆ ಗೆರೆಯನ್ನು ಒಂದು ಹಾಳೆಯ ಮೇಲೆ ಸರ್ವೆ ನಂಬರ್ ಸಮೇತ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ತೀರ್ಮಾನಕ್ಕೂ ಅದು ಬೇಕಾಗುತ್ತದೆ.

ಕಾಗದಪತ್ರದ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಉತಾರ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಫ್ರೂಟ್ಸ್ ಐಡಿ (ರಾಜ್ಯದ ರೈತ ನೋಂದಣಿ ಸಂಖ್ಯೆ) ಇಲ್ಲದೆ ಯಾವ ಇಲಾಖೆಯೂ ಅರ್ಜಿ ಮುಟ್ಟುವುದಿಲ್ಲ. ನಿಮ್ಮ ಎಲ್ಲ ಸರ್ವೆ ನಂಬರೂ ಅದರಲ್ಲಿ ಸೇರಿವೆಯೇ ನೋಡಿ, ಒಂದೆರಡು ಬಿಟ್ಟುಹೋಗಿರುವುದು ತುಂಬಾ ಸಾಮಾನ್ಯ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಮಂಜೂರಾದ ದುಡ್ಡು ಖಾತೆಗೆ ಬಾರದೆ ನಿಲ್ಲುವುದು ಹೆಚ್ಚಾಗಿ ಇಲ್ಲೇ.

ತುಂತುರು ಮತ್ತು ಹನಿ: ಒಂದೇ ಯೋಜನೆ, ಬೇರೆ ಬೇರೆ ಹಣೆಬರಹ

ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆ 2015ರಲ್ಲಿ ಬಂತು. ಅದರಡಿ ಶುರುವಾದ ಸೂಕ್ಷ್ಮ ನೀರಾವರಿಗೆ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45 ಸಹಾಯಧನ. ಕರ್ನಾಟಕ ತನ್ನ ಪಾಲು ಸೇರಿಸಿ ಇದನ್ನು ಶೇ. 90ರವರೆಗೂ ಒಯ್ದಿದೆ. ಯಾವ ವರ್ಗಕ್ಕೆ, ಎಷ್ಟು ಎಕರೆಗೆ, ಯಾವ ಬೆಳೆಗೆ ಎಷ್ಟು ಎನ್ನುವುದು ಕೃಷಿ ಇಲಾಖೆಯಲ್ಲೊಂದು, ತೋಟಗಾರಿಕೆ ಇಲಾಖೆಯಲ್ಲೊಂದು ಇರಬಹುದು. ಆ ವರ್ಷದ ಸುತ್ತೋಲೆ ಕೇಳಿ ನೋಡಿ. ಇನ್ನೊಂದು ಮಾತು: ಒಮ್ಮೆ ಸಹಾಯಧನ ಪಡೆದ ಜಮೀನಿಗೆ 7 ವರ್ಷ ಮತ್ತೆ ಸಿಗುವುದಿಲ್ಲ. ನೆರೆಯಲ್ಲಿ ಸಾಮಾನು ಕೊಚ್ಚಿಹೋದರೂ ಆ 7 ವರ್ಷದ ಲೆಕ್ಕ ನಿಲ್ಲುವುದಿಲ್ಲ. ಹೊಳೆದಂಡೆಯವರಿಗೆ ಈ ಒಂದು ನಿಯಮ ಬಹಳ ಮುಖ್ಯ. ಮಡ್ಡಿಯವರಿಗೆ ಅದರ ಬಿಸಿ ತಟ್ಟುವುದೇ ಇಲ್ಲ.

ತುಂತುರು ಸೆಟ್ ಎಂದರೆ ಏನು? ಒಂದಷ್ಟು ಎಚ್‌ಡಿಪಿಇ ಪೈಪು, ಕೊಕ್ಕೆ ಹಾಕಿ ಜೋಡಿಸುವ ಕಪ್ಲರ್, ನಾಲ್ಕೈದು ಜೆಟ್. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂದು ಡಂಗುರ ಹೊಡೆದ ಮೇಲೂ ಟ್ರ್ಯಾಕ್ಟರ್ ಟ್ರೇಲರ್‌ಗೆ ಹೇರಿಕೊಂಡು ಊರಿಗೆ ಬರಬಹುದು. ತಗ್ಗು ಪಟ್ಟಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ನೆರೆ ಇಳಿದ ಮೇಲೆ ಹಿಂಗಾರಿಗೆ ಕಡಲೆ, ಬಿಳಿಜೋಳ, ಗೋಧಿ ಹಾಕುವವರಿಗೆ ಒಂದೆರಡು ಸಲ ನೀರು ಕೊಟ್ಟರೆ ಸಾಕಾಗುತ್ತದೆ. ಅಷ್ಟಕ್ಕೆ ತುಂತುರು ಸಾಕು, ಅದೂ ಕಡಿಮೆ ವಂತಿಕೆಯಲ್ಲಿ.

ಹನಿ ನೀರಾವರಿ ಬೇರೆ ಲೆಕ್ಕ. ಕಬ್ಬಿಗೆ, ಅರಿಶಿಣಕ್ಕೆ, ತರಕಾರಿಗೆ ಅದರ ಮುಂದೆ ಬೇರೆ ಇಲ್ಲ. ನೀರು, ಗೊಬ್ಬರ ಎರಡೂ ಬುಡಕ್ಕೇ ಹೋಗುತ್ತವೆ. ಮುಖ್ಯವಾಗಿ, ಎರೆ ಭೂಮಿಯಲ್ಲಿ ನೀರು ಹರಿಬಿಟ್ಟು ಜವಳು ಹತ್ತಿಸಿಕೊಳ್ಳುವುದು, ಅಂದರೆ ನೀರು ಬಸಿಯದೆ ನೆಲ ಕೆಡುವುದು ತಪ್ಪುತ್ತದೆ. ಆದರೆ ತಗ್ಗು ಪಟ್ಟಿಯಲ್ಲಿ ಹಾಕಿದರೆ ಕಷ್ಟ. ಬೆಳೆಯ ಸಾಲಿನುದ್ದಕ್ಕೆ ಹಾಸಿದ ಲ್ಯಾಟರಲ್ ಪೈಪುಗಳನ್ನು ನೆರೆಗೆ ಮುಂಚೆ ಸುತ್ತಿ ತೆಗೆಯಬೇಕೆಂದರೆ ಆಗಸ್ಟ್‌ನಲ್ಲಿ ಆಳೆತ್ತರದ ಕಬ್ಬಿನೊಳಗೆ ಯಾರು ಹೋಗುತ್ತಾರೆ? ನೀರು ಇಳಿದ ಮೇಲೆ ಅವು ಅರ್ಧ ಅಡಿ ರೇವೆಯ ಕೆಳಗೆ ಹುಗಿದಿರುತ್ತವೆ. ಎಳೆದರೆ ಹರಿಯುತ್ತವೆ, ಬಿಟ್ಟರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತವೆ.

ನಡು ಪಟ್ಟಿಗೆ ಹನಿ ಹಾಕುವುದಾದರೆ ಎರಡು ವಿಷಯದಲ್ಲಿ ರಾಜಿ ಬೇಡ. ಒಂದು, ಫಿಲ್ಟರ್. ಹೊಳೆಯ ನೀರು ಮಳೆಗಾಲದಲ್ಲಿ ಚಹಾದ ಬಣ್ಣಕ್ಕಿರುತ್ತದೆ. ಬೋರ್‌ವೆಲ್‌ಗೆ ಸಾಕಾಗುವ ಚಿಕ್ಕ ಜಾಲರಿ ಫಿಲ್ಟರ್ ಒಂದನ್ನೇ ಕೂರಿಸಿ ಹೋಗುವ ಡೀಲರ್ ಇದ್ದಾನೆ, ಹುಷಾರು. ಮರಳು ಬೇರ್ಪಡಿಸುವ ಹೈಡ್ರೋಸೈಕ್ಲೋನ್, ಆಮೇಲೆ ಸ್ಯಾಂಡ್ ಫಿಲ್ಟರ್, ಆಮೇಲೆ ಡಿಸ್ಕ್ ಅಥವಾ ಜಾಲರಿ ಫಿಲ್ಟರ್, ಈ ಸಾಲು ಇರಲಿ. ಅಂದಾಜು ಪಟ್ಟಿಯಲ್ಲಿ ಇವು ಇವೆಯೇ ಎಂದು ಸಹಿ ಮಾಡುವ ಮೊದಲೇ ನೋಡಿ. ಎರಡು, ಫಿಲ್ಟರ್ ಮತ್ತು ಗೊಬ್ಬರದ ಟ್ಯಾಂಕ್ ಕೂರಿಸುವ ಕಟ್ಟೆ. ಅದನ್ನು ನೆರೆಯ ಗೆರೆಗಿಂತ ಮೇಲೆ ಕಟ್ಟಿಸಿ. ಮುಖ್ಯ ಪೈಪ್ ನೆಲದೊಳಗೆ ಆಳಕ್ಕೆ ಹೋಗಿದ್ದರೆ ಅದಕ್ಕೇನೂ ಆಗುವುದಿಲ್ಲ.

ನೀರೆತ್ತಲು: ಕರೆಂಟ್, ಸೋಲಾರ್, ಬೋರ್

ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ 2008ರಿಂದ ಕರೆಂಟ್ ಪುಕ್ಕಟೆ. ಹಾಗಿದ್ದ ಮೇಲೆ ಸೋಲಾರ್ ಯಾಕೆ ಎಂದು ಕೇಳುತ್ತೀರಿ. ನ್ಯಾಯವೇ. ಪಿಎಂ ಕುಸುಮ್ ಯೋಜನೆ 2019ರಲ್ಲಿ ಶುರುವಾಯಿತು. ಸೋಲಾರ್ ಪಂಪ್ ಕೂರಿಸುವ ಅದರ ಬಿ ಭಾಗದಲ್ಲಿ ಕೇಂದ್ರ ಶೇ. 30 ಕೊಡುತ್ತದೆ. ಕರ್ನಾಟಕ ತನ್ನ ಪಾಲನ್ನು ಶೇ. 50ಕ್ಕೆ ಏರಿಸಿದ್ದರಿಂದ ರೈತನ ಕೈಯಿಂದ ಹೋಗುವುದು ಶೇ. 20. 5 ವರ್ಷದ ನಿರ್ವಹಣೆಯೂ ಅದರಲ್ಲೇ ಬರುತ್ತದೆ. ಈಗಿರುವ ವಿದ್ಯುತ್ ಜಾಲದಿಂದ 500 ಮೀಟರ್‌ಗಿಂತ ದೂರ ಇರುವ ಪಂಪ್‌ಸೆಟ್‌ಗಳನ್ನು ಸೋಲಾರ್ ಕಡೆಗೆ ತಿರುಗಿಸುವುದು ರಾಜ್ಯದ ನೀತಿ. ಅಂದರೆ ಆಯ್ಕೆ ಅರ್ಧದಷ್ಟು ನಿಮ್ಮ ಕೈಯಲ್ಲೇ ಇಲ್ಲ, ಟ್ರಾನ್ಸ್‌ಫಾರ್ಮರ್ ಎಲ್ಲಿದೆ ಎನ್ನುವುದರ ಮೇಲಿದೆ.

ಉಳಿದರ್ಧದಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ. ಹೊಳೆಯಿಂದ ಒಂದೆರಡು ಕಿಲೋಮೀಟರ್ ಪೈಪ್‌ಲೈನ್ ಎಳೆದು ಮಡ್ಡಿಗೆ ನೀರೇರಿಸುವವರಿಗೆ ಕುಸುಮ್ ಹೊಂದುವುದಿಲ್ಲ. ಅದರ ಸಹಾಯಧನ ಲೆಕ್ಕ ಹಾಕುವುದು 7.5 ಎಚ್‌ಪಿ ಪಂಪಿನವರೆಗೆ. ಅಷ್ಟು ಎತ್ತರ, ಅಷ್ಟು ದೂರಕ್ಕೆ ಆ ಶಕ್ತಿ ಸಾಲದು. ಮತ್ತೆ, ಹೊಳೆ ಏರಿದಾಗ ಕರೆಂಟ್ ಮೋಟರನ್ನು ನಾಲ್ಕು ಜನ ಸೇರಿ ಚೈನ್ ಪುಲ್ಲಿ ಹಾಕಿ ಮೇಲೆ ಎಳೆದುಕೊಳ್ಳುತ್ತಾರೆ. ಸೋಲಾರ್ ಪ್ಯಾನೆಲ್ ಕಾಂಕ್ರೀಟ್ ಬುನಾದಿಯ ಮೇಲೆ ಕೂತಿರುತ್ತದೆ, ಎಲ್ಲಿಗೂ ಎಳೆಯಲಾಗುವುದಿಲ್ಲ. ಹಾಗಂತ ಸೋಲಾರ್ ಬೇಡ ಎಂದಲ್ಲ. ನೆರೆಯ ಗೆರೆಗಿಂತ ಮೇಲಿರುವ ಹೊಲಕ್ಕೆ, ತೆರೆದ ಬಾವಿಗೆ, ಹಗಲು ಹೊತ್ತಿನಲ್ಲೇ ನೀರು ಬೇಕೆನ್ನುವ ತರಕಾರಿಯವರಿಗೆ ಅದು ದೊಡ್ಡ ಅನುಕೂಲ. ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟ್ ಕೊಟ್ಟಾಗ ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ಹೋಗುವುದು ತಪ್ಪುತ್ತದೆ ಅಲ್ವಾ.

ಹೊಳೆಯಿಂದ ಅಥವಾ ಕಾಲುವೆಯಿಂದ ನೀರೆತ್ತಲು ನೀರಾವರಿ ಅಧಿಕಾರಿಗಳ ಅನುಮತಿ ಬೇಕು. "ಎಲ್ಲರೂ ಹಾಕ್ಯಾರ, ನಾನೂ ಹಾಕೀನಿ" ಎನ್ನುವ ಕಾಲ ಇತ್ತು. ನೀರಾವರಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ ಕಾಲುವೆಗೆ ಪೈಪ್ ಹಾಕುವವರ ಮೇಲೆ ಬಿಗಿ ಮಾಡಿದೆ. ಅನುಮತಿ ಪತ್ರ ಇದ್ದರೆ ಸಾಲಕ್ಕೂ ಅನುಕೂಲ.

ಗಂಗಾ ಕಲ್ಯಾಣ ಯೋಜನೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಸಮುದಾಯದ ಸಣ್ಣ ರೈತರಿಗೆ ಆಯಾ ನಿಗಮಗಳ ಮೂಲಕ ಸಿಗುತ್ತದೆ. ಕೊಳವೆಬಾವಿ ಕೊರೆಸಿ, ಮೋಟರ್ ಕೂರಿಸಿ, ಕರೆಂಟ್ ಕೊಡಿಸುತ್ತಾರೆ. ಬಹುಪಾಲು ಸಹಾಯಧನ, ಸ್ವಲ್ಪ ಭಾಗ ಕಡಿಮೆ ಬಡ್ಡಿಯ ಸಾಲ. ಎಲ್ಲರ ತಲೆಯಲ್ಲಿ ಗಂಗಾ ಕಲ್ಯಾಣ ಎಂದರೆ ಬೋರ್ ಮಾತ್ರ. ಆದರೆ ಅಕ್ಕಪಕ್ಕದ ಅರ್ಹ ರೈತರು ಸೇರಿದರೆ ಹೊಳೆ, ಹಳ್ಳದಂತಹ ನೀರಿನ ಮೂಲದಿಂದ ಸಾಮೂಹಿಕ ಏತ ನೀರಾವರಿ ಮಾಡಿಸಿಕೊಳ್ಳುವ ದಾರಿಯೂ ಅದರಲ್ಲಿ ಇದೆ. ಹೊಳೆದಂಡೆಯವರು ಮೊದಲು ಕೇಳಬೇಕಾದದ್ದು ಇದನ್ನೇ. ಎರೆ ಭೂಮಿಯಲ್ಲಿ ಬೋರ್ ನೀರು ಸವಳಾಗಿ (ಉಪ್ಪಾಗಿ) ಬರುವ ಜಾಗಗಳು ಬೇಕಾದಷ್ಟಿವೆ. ಪಕ್ಕದಲ್ಲೇ ಸಿಹಿನೀರಿನ ಹೊಳೆ ಇಟ್ಟುಕೊಂಡು ಸವಳು ನೀರಿನ ಬೋರ್‌ಗೆ ಸಾಲಾಗಿ ನಿಲ್ಲುವುದು ಯಾವ ಜಾಣತನ? ಬೋರೇ ಗತಿ ಎಂದಾದರೆ ಪಕ್ಕದ ಹೊಲದ ಬೋರ್ ನೀರನ್ನು ಒಂದು ಬಾಟಲಿಯಲ್ಲಿ ತಂದು ಪರೀಕ್ಷೆ ಮಾಡಿಸಿ ಮುಂದುವರಿಯಿರಿ.

ಕೃಷಿ ಭಾಗ್ಯದ ಬಗ್ಗೆ ಎರಡೇ ಮಾತು. 2014-15ರಲ್ಲಿ ಬಂದು, ನಡುವೆ ನಿಂತು, 2023-24ರಲ್ಲಿ ಮತ್ತೆ ಶುರುವಾದ ಈ ಯೋಜನೆ ಮಳೆಯಾಶ್ರಿತ ಜಮೀನಿಗೆ. ಕೃಷಿ ಹೊಂಡ, ಅದಕ್ಕೆ ತಾಡಪತ್ರಿ, ಪಂಪು, ತುಂತುರು, ಎಲ್ಲ ಸೇರಿದ ಕಟ್ಟು. ಸಾಮಾನ್ಯ ವರ್ಗಕ್ಕೆ ಶೇ. 80, ಪರಿಶಿಷ್ಟರಿಗೆ ಶೇ. 90. ಉತಾರದಲ್ಲಿ ನೀರಾವರಿ ಎಂದಿರುವ ಪಟ್ಟಿಗೆ ಕೇಳಬೇಡಿ, ಸಿಗುವುದಿಲ್ಲ. ತಗ್ಗಿನಲ್ಲಿ ಹೊಂಡ ತೋಡಿದರೆ ಒಂದೇ ನೆರೆಗೆ ರೇವೆ ತುಂಬುತ್ತದೆ. ನಿಮಗೇ ಮಡ್ಡಿಯಲ್ಲೊಂದು ಬೇರೆ ಸರ್ವೆ ನಂಬರ್ ಇದ್ದರೆ ಅಲ್ಲಿಗೆ ಹಾಕಿ.

ಯಾರೂ ಕೇಳದ ಯೋಜನೆ: ಸವಳು-ಜವಳು

ಈಗ ನನಗೆ ಹೆಚ್ಚು ಹೇಳಬೇಕೆನಿಸುವ ವಿಷಯ. ಅಥಣಿ, ರಾಯಬಾಗ, ಜಮಖಂಡಿ, ಮುಧೋಳ ಕಡೆ ಕಬ್ಬಿನ ಹೊಲಗಳಲ್ಲಿ ನಡೆದು ನೋಡಿ. ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆ ಗದ್ದೆ ನೋಡಿ. ನಡುನಡುವೆ ಒಂದೊಂದು ತುಂಡು ಬೋಳಾಗಿ ಬಿದ್ದಿರುತ್ತದೆ. ಮೇಲೆ ಬಿಳಿ ಉಪ್ಪಿನ ಪದರ, ಇಲ್ಲವೇ ಕಾಲಿಟ್ಟರೆ ಪಿಚಪಿಚ ಎನ್ನುವ ನೆಲ. ಅದಕ್ಕೂ ನೀರಿನ ಸೌಲಭ್ಯ ಇದೆ. ಆ ನೀರೇ ಅದನ್ನು ಕೆಡಿಸಿದ್ದು. ಎರೆ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷಗಟ್ಟಲೆ ಹರಿಬಿಟ್ಟ ನೀರು ಕೆಳಗೆ ನಿಂತು, ಮಟ್ಟ ಏರಿ, ಬಿಸಿಲಿಗೆ ಆವಿಯಾಗಿ ಹೋಗುವಾಗ ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ.

ಇಂತಹ ಜಮೀನು ಇರುವವರು ಮತ್ತೊಂದು ಪಂಪ್‌ಸೆಟ್‌ಗೆ ಅರ್ಜಿ ಹಾಕುವುದು ಸುಮ್ನೆ ದುಡ್ಡು ಹಾಳು. ಅವರು ಹೋಗಬೇಕಾದ ಬಾಗಿಲು ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ. ಮಲಪ್ರಭಾ-ಘಟಪ್ರಭಾಕ್ಕೆ ಬೆಳಗಾವಿಯಲ್ಲಿ, ಕೃಷ್ಣಾ ಮೇಲ್ದಂಡೆಗೆ ಭೀಮರಾಯನಗುಡಿಯಲ್ಲಿ, ತುಂಗಭದ್ರಾಕ್ಕೆ ಮುನಿರಾಬಾದಿನಲ್ಲಿ ಇದೆ. ಹೊಲಗಾಲುವೆ, ಬಸಿಗಾಲುವೆ, ಸವಳು-ಜವಳು ಸುಧಾರಣೆ ಎಲ್ಲ ಅವರ ಕೆಲಸ. ಅಚ್ಚುಕಟ್ಟಿನ (ಕಾಲುವೆ ನೀರು ಸಿಗುವ ಪ್ರದೇಶದ) ಹೊರಗೆ ಇರುವವರು ಕೃಷಿ ಇಲಾಖೆಯನ್ನೇ ಕೇಳಬೇಕು.

ಇಲ್ಲಿಯೂ ಎರಡು ಆಯ್ಕೆ. ತೆರೆದ ಬಸಿಗಾಲುವೆ ಅಗ್ಗ, ಊರ ಕೂಲಿಯಲ್ಲೇ ಆಗುತ್ತದೆ. ಆದರೆ ಜಾಗ ತಿನ್ನುತ್ತದೆ, ಒಂದೆರಡು ವರ್ಷಕ್ಕೆ ಜೊಂಡು ಬೆಳೆದು ಮುಚ್ಚಿಕೊಳ್ಳುತ್ತದೆ. ಇನ್ನೊಂದು ಒಳಬಸಿ. ತೂತುಗಳಿರುವ ಪೈಪಿಗೆ ಸೋಸುವ ಬಟ್ಟೆ ಸುತ್ತಿ ಮೂರು ನಾಲ್ಕು ಅಡಿ ಆಳದಲ್ಲಿ ಸಾಲಾಗಿ ಹೂಳುತ್ತಾರೆ. ಮೇಲೆ ಉಳುಮೆಗೆ ಅಡ್ಡಿ ಇಲ್ಲ. ಉಪ್ಪು ನೀರಿನ ಜೊತೆ ಕರಗಿ ಪೈಪಿನೊಳಗೆ ಇಳಿದು ಹಳ್ಳಕ್ಕೆ ಹೋಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದರ ಪ್ರಯೋಗ ಬಹಳ ವರ್ಷದಿಂದ ನಡೆದಿದೆ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೋಗಿ ನೋಡಬಹುದು. ಖರ್ಚು ಜಾಸ್ತಿ. ಮತ್ತೆ ಒಬ್ಬನೇ ಮಾಡುವ ಕೆಲಸ ಅಲ್ಲ. ನಿಮ್ಮ ಹೊಲದ ಬಸಿನೀರು ಹಳ್ಳ ಮುಟ್ಟಬೇಕಾದರೆ ಕೆಳಗಿನವನ ಹೊಲ ದಾಟಬೇಕು. ಅವನು "ನನ್ನ ಹೊಲದಾಗ ಪೈಪ್ ಹಾಕಂಗಿಲ್ಲ" ಎಂದರೆ ಕತೆ ಮುಗಿಯಿತು. ಎಂಜಿನಿಯರ್ ಬರುವ ಮೊದಲು ನೆರೆಹೊರೆಯವರ ಒಪ್ಪಿಗೆ ಬರಬೇಕು. ಹೊಳೆಗೆ ತೀರಾ ಹತ್ತಿರದ ಹೊಲವಾದರೆ ಮಳೆಗಾಲದಲ್ಲಿ ಪೈಪಿನ ಬಾಯಿ ನೀರಲ್ಲಿ ಮುಳುಗಿ ಬಸಿಯುವುದೇ ನಿಲ್ಲುತ್ತದೆ ಎನ್ನುವುದೂ ಗೊತ್ತಿರಲಿ.

ಜಿಪ್ಸಂ ಸಹಾಯಧನದಲ್ಲಿ ಸಿಗುತ್ತದೆಂದು ಎಲ್ಲ ಕಡೆ ಸುರಿಯಬೇಡಿ. ಸೋಡಿಯಂ ಹೆಚ್ಚಾಗಿ ಗಟ್ಟಿಯಾದ ಕ್ಷಾರ ಮಣ್ಣಿಗೆ ಅದು ಔಷಧ. ಬರೀ ಉಪ್ಪು ಮತ್ತು ಜವಳು ಇರುವ ಕಡೆ ಬಸಿಯುವುದೇ ಔಷಧ. ಯಾವುದು ಎಂದು ಕಣ್ಣಿನಲ್ಲಿ ಹೇಳಲಾಗದು, ಮಣ್ಣು ಪರೀಕ್ಷೆ ಬೇಕು.

ನೆರೆ ಬಂದ ಮೇಲೆ: ಬೆಳೆ ವಿಮೆಯೋ, ಸರ್ಕಾರದ ಪರಿಹಾರವೋ?

"ಹೆಂಗಿದ್ರೂ ಸರ್ಕಾರ ಪರಿಹಾರ ಕೊಡತೈತಿ, ವಿಮಾ ಯಾಕ?" ಎಂದು ಕೇಳುವವರು ಬಹಳ. ಲೆಕ್ಕ ಹಾಕೋಣ.

2022ರಿಂದ 2026ರವರೆಗಿನ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ, ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಮಿತಿ 2 ಹೆಕ್ಟೇರ್. ನೀರಾವರಿ ಹೊಲದ ಗೋವಿನಜೋಳ ಮುಳುಗಿದರೆ ಎಕರೆಗೆ ಸುಮಾರು 6,900 ರೂಪಾಯಿ ಆಯಿತು. ಬೀಜ, ಗೊಬ್ಬರ, ಆಳಿನ ಖರ್ಚಿಗೇ ಇದು ಸಾಲದು. ರಾಜ್ಯ ಕೆಲವು ವರ್ಷ ಇದಕ್ಕೆ ತನ್ನ ಕಡೆಯಿಂದ ಸೇರಿಸುತ್ತದೆ. 2025ರ ನೆರೆಯ ನಂತರ ಹೆಕ್ಟೇರಿಗೆ 8,500 ಹೆಚ್ಚುವರಿ ಎಂದು ಮುಖ್ಯಮಂತ್ರಿ ಘೋಷಿಸಿದರು, ನೀರಾವರಿಗೆ ಅದು 25,500 ಆಯಿತು. ಆದರೆ ಹಾಗೆ ಸೇರಿಸುವುದು ಆ ವರ್ಷದ ಸರ್ಕಾರದ ಮನಸ್ಸು. ಮುಂದಿನ ವರ್ಷಕ್ಕೆ ಖಾತ್ರಿ ಇಲ್ಲ.

ಇದೇ ಮಾನದಂಡದಲ್ಲಿ ಹೊಳೆದಂಡೆಯವರು ಕೇಳದೇ ಬಿಡುವ ಎರಡು ಸಾಲು ಇವೆ. ಹೊಲದಲ್ಲಿ ಮೂರು ಇಂಚಿಗಿಂತ ಹೆಚ್ಚು ಮರಳು ಅಥವಾ ರೇವೆ ಕೂತಿದ್ದರೆ ತೆಗೆಯಲು ಹೆಕ್ಟೇರಿಗೆ 18,000. ಹೊಳೆ ದಿಕ್ಕು ಬದಲಿಸಿ ಜಮೀನೇ ಕೊಚ್ಚಿಹೋಗಿದ್ದರೆ ಹೆಕ್ಟೇರಿಗೆ 47,000. ಎರಡೂ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ. ರೇವೆ ತೆಗೆಯುವ ದುಡ್ಡು ಎಕರೆ ಲೆಕ್ಕದಲ್ಲಿ ಜೆಸಿಬಿಯ ಒಂದು ದಿನದ ಬಾಡಿಗೆಗೇ ಕರಗುತ್ತದೆ, ನಿಜ. ಆದರೂ ಬೆಳೆ ಹಾನಿಯ ಅರ್ಜಿಯ ಜೊತೆಗೇ ಇದನ್ನೂ ಬರೆಸಿ. ಸ್ಕೇಲ್ ನಿಲ್ಲಿಸಿ ರೇವೆಯ ದಪ್ಪ ಕಾಣುವ ಹಾಗೆ ಫೋಟೋ ತೆಗೆದಿಡಿ. ಗ್ರಾಮ ಆಡಳಿತಾಧಿಕಾರಿ ಬರುವಷ್ಟರಲ್ಲಿ ಬಿಸಿಲಿಗೆ ಅದು ಒಣಗಿ ಕುಗ್ಗಿರುತ್ತದೆ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಇದೆ. ರೈತನ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ. 5. ವಿಮಾ ಮೊತ್ತ ಹೆಕ್ಟೇರಿಗೆ 60,000 ಎಂದುಕೊಂಡರೆ ಮುಂಗಾರಿಗೆ ಕಂತು 1,200 ರೂಪಾಯಿ. ಸಾಮಾನ್ಯವಾಗಿ ಲೆಕ್ಕ ನಡೆಯುವುದು ಇಡೀ ಗ್ರಾಮ ಪಂಚಾಯಿತಿಯ ಇಳುವರಿಯ ಮೇಲೆ. ಹೊಳೆದಂಡೆಯವರಿಗೆ ಇಲ್ಲೇ ಪೆಟ್ಟು. ತಗ್ಗಿನ ನಿಮ್ಮ ಹೊಲ ಪೂರ್ತಿ ಮುಳುಗಿ, ಮಡ್ಡಿಯ ಮೇಲಿನವರ ಬೆಳೆ ಚೆನ್ನಾಗಿ ಬಂದರೆ ಪಂಚಾಯಿತಿಯ ಸರಾಸರಿ ಕೆಳಗೆ ಬರುವುದೇ ಇಲ್ಲ. ಅದಕ್ಕೇ ಹೊಲ ಮುಳುಗಿದಾಗ ಸ್ಥಳೀಯ ವಿಕೋಪದಡಿ ಬೇರೆ ದೂರು ಕೊಡಬೇಕು. 72 ಗಂಟೆಯೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ನೀರಿನ ನಡುವೆ ಊರು ನಡುಗಡ್ಡೆಯಾಗಿರುವಾಗ 72 ಗಂಟೆ ಬೇಗ ಕಳೆದುಹೋಗುತ್ತದೆ. ಹಾಗಾಗಿ ಅರ್ಜಿ ನಂಬರ್ ಮತ್ತು ಸಹಾಯವಾಣಿ ನಂಬರನ್ನು ಮೊದಲೇ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಗಂಟು ಇದೆ. ಭತ್ತ, ಕಬ್ಬು ನೀರು ತಡೆಯುವ ಬೆಳೆ ಎನ್ನುವ ಕಾರಣಕ್ಕೆ ಹೊಲ ಮುಳುಗಿದ ಸ್ಥಳೀಯ ದೂರಿನಿಂದ ಅವನ್ನು 2018ರಲ್ಲಿ ಹೊರಗಿಟ್ಟರು. ಭತ್ತವನ್ನು 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ ಕೇಂದ್ರ 2025ರ ನವೆಂಬರ್‌ನಲ್ಲಿ ಹೇಳಿದೆ. ಹಾಗಾಗಿ ಗಂಗಾವತಿ, ಸಿರುಗುಪ್ಪದ ಭತ್ತದವರು ಈಗ ವಿಮೆಯನ್ನು ಹೊಸದಾಗಿ ಲೆಕ್ಕ ಹಾಕಬಹುದು. ಕಬ್ಬಿನವರು ಈ ಆಸೆ ಇಟ್ಟುಕೊಳ್ಳಬೇಡಿ. ತೊಗರಿ, ಸೋಯಾ, ಗೋವಿನಜೋಳ, ಹೆಸರು ಹಾಕುವವರು ನನ್ನ ಮಾತು ಕೇಳುವುದಾದರೆ ವಿಮೆ ತಪ್ಪಿಸಬೇಡಿ.

ಪರಿಹಾರಕ್ಕೂ ವಿಮೆಗೂ ಒಂದು ಬೇರು ಇದೆ, ಅದು ಬೆಳೆ ಸಮೀಕ್ಷೆ. ಮೊಬೈಲ್ ಆ್ಯಪಿನಲ್ಲಿ ನಿಮ್ಮ ಹೊಲದಲ್ಲಿ ಸೋಯಾ ಎಂದು ದಾಖಲಾಗಿ, ವಿಮೆಯಲ್ಲಿ ತೊಗರಿ ಎಂದಿದ್ದರೆ ದುಡ್ಡು ಬರುವುದು ಕಷ್ಟ. ಸಮೀಕ್ಷೆಯ ಹುಡುಗ ರಸ್ತೆ ಬದಿಯಲ್ಲೇ ನಿಂತು ಫೋಟೋ ಹೊಡೆದು ಹೋಗಿದ್ದಾನೋ ಏನೋ. ನೀವೇ ಆ್ಯಪ್ ತೆರೆದು ನೋಡಿ, ತಪ್ಪಿದ್ದರೆ ಆಕ್ಷೇಪಣೆ ಹಾಕಿ.

ಸಾಲ, ಕೂಲಿ, ಕಿರು ಉದ್ಯಮ

ಸಹಾಯಧನ ಕೈಗೆ ಬರುವುದು ತಡ. ನಡುವಿನ ಖರ್ಚಿಗೆ ಸೊಸೈಟಿಯ ಸಾಲ ಒಳ್ಳೆಯದು. ಸಹಕಾರ ಸಂಘಗಳಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿ 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ, ಶೇ. 3 ಬಡ್ಡಿಯ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲದ ಮಿತಿ 15 ಲಕ್ಷಕ್ಕೆ ಏರಿತು. ಪೈಪ್‌ಲೈನಿಗೆ ಈ ಎರಡನೆಯದನ್ನು ಕೇಳಿ. ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ.

ಬದು ಕಟ್ಟುವುದು, ನೆಲ ಸಮ ಮಾಡುವುದು, ಜವಳು ನೀರು ಬಸಿಯುವ ಕಾಲುವೆ ತೋಡುವುದು, ಇವೆಲ್ಲ ನರೇಗಾ ಪಟ್ಟಿಯಲ್ಲಿ ಇದ್ದ ಕೆಲಸಗಳೇ. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಜಾಗಕ್ಕೆ ಹೊಸ ಕಾಯ್ದೆ ತಂದಿರುವುದರಿಂದ ಈಗ ಯಾವ ಕೆಲಸ, ಎಷ್ಟು ದಿನ ಎಂದು ಪಂಚಾಯಿತಿಯ ಪಿಡಿಒ ಹತ್ತಿರವೇ ಕೇಳಿ.

ಬೆಲ್ಲ, ಅರಿಶಿಣ ಪುಡಿ, ಖಾರದಪುಡಿ ಮಾಡುವ ಯೋಚನೆ ಇದ್ದರೆ ಕಿರು ಆಹಾರ ಉದ್ಯಮದ ಪಿಎಂಎಫ್‌ಎಂಇ ಯೋಜನೆ ನೋಡಿ. ಕೇಂದ್ರದ ಶೇ. 35ಕ್ಕೆ ರಾಜ್ಯ ಶೇ. 15 ಸೇರಿಸಿ ಶೇ. 50, ಗರಿಷ್ಠ 15 ಲಕ್ಷದವರೆಗೆ ಸಹಾಯಧನ ಇದೆ. ಇದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಯೋಜನೆ. ಬ್ಯಾಂಕ್ ಮ್ಯಾನೇಜರ್ ಒಪ್ಪದೆ ಏನೂ ನಡೆಯುವುದಿಲ್ಲ. ಆಲೆಮನೆಯನ್ನಾದರೂ ನೆರೆಯ ಗೆರೆಯ ಮೇಲೆ ಕಟ್ಟಿ ಎಂದು ಮತ್ತೆ ಹೇಳಬೇಕಾಗಿಲ್ಲ.

ನಾನಾದರೆ ಹೀಗೆ ಆರಿಸಿಕೊಳ್ಳುತ್ತೇನೆ

ತಗ್ಗು ಪಟ್ಟಿಯಲ್ಲೇ ಎರಡು ಎಕರೆ ಇರುವವರು: ತುಂತುರು ಸೆಟ್, ಕರೆಂಟ್ ಮೋಟರ್, ಮುಂಗಾರಿನ ಬೆಳೆಗೆ ತಪ್ಪದೆ ವಿಮೆ. ಹನಿ, ಸೋಲಾರ್, ಹೊಂಡ ಮೂರೂ ಬೇಡ. ನೆಲಕ್ಕೆ ನೆಟ್ಟ ಯಾವುದೂ ಅಲ್ಲಿ ಬಹಳ ದಿನ ಬಾಳುವುದಿಲ್ಲ.

ನಡು ಪಟ್ಟಿಯಲ್ಲಿ ಕಬ್ಬು ಬೆಳೆಯುವವರು: ಮೊದಲು ಮಣ್ಣು ಪರೀಕ್ಷೆ. ಜವಳು ಶುರುವಾಗಿದ್ದರೆ ಕಾಡಾ ಕಚೇರಿಗೆ ಹೋಗಿ, ಆಮೇಲೆ ಹನಿ. ಜವಳು ಹತ್ತಿದ ನೆಲಕ್ಕೆ ಹನಿ ಹಾಕಿದರೆ ಹೊಸ ನೀರು ಸೇರುವುದು ಕಡಿಮೆಯಾಗುತ್ತದೆ, ಹಳೆಯ ಉಪ್ಪು ಅಲ್ಲೇ ಕೂತಿರುತ್ತದೆ. ಎರಡಕ್ಕೂ ಒಂದೇ ವರ್ಷ ದುಡ್ಡು ಹೊಂದದಿದ್ದರೆ ಬಸಿಯುವ ಕೆಲಸಕ್ಕೆ ಮೊದಲ ವರ್ಷ ಕೊಡಿ.

ತಗ್ಗಿನಲ್ಲಿ ಸ್ವಲ್ಪ, ಮಡ್ಡಿಯಲ್ಲಿ ಸ್ವಲ್ಪ ಇರುವವರು ಅದೃಷ್ಟವಂತರು. ದೊಡ್ಡ ಹೂಡಿಕೆ ಎಲ್ಲವನ್ನೂ ಮೇಲಕ್ಕೆ ಒಯ್ಯಿರಿ. ಕೃಷಿ ಭಾಗ್ಯದ ಹೊಂಡ ಮಡ್ಡಿಗೆ, ಇಲ್ಲವೇ ಅನುಮತಿ ಇದ್ದರೆ ಹೊಳೆಯಿಂದ ಏತ. ದನದ ಕೊಟ್ಟಿಗೆಯೂ ಅಲ್ಲೇ ಇರಲಿ.

ಆಲಮಟ್ಟಿ ಹಿನ್ನೀರಿನ ಬಾಗಲಕೋಟೆ, ಬೀಳಗಿ, ಜಮಖಂಡಿ ಕಡೆಯವರಿಗೆ ಮಾತ್ರ ಒಂದು ಮಾತು ಬೇರೆ. ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ಅಣೆಕಟ್ಟಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣ ಬೇಸಾಯವಾದರೆ 30 ಲಕ್ಷ ಎಂದು ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ನಿಮ್ಮ ಸರ್ವೆ ನಂಬರ್ ಆ ಪಟ್ಟಿಯಲ್ಲಿ ಇದ್ದರೆ ಹೊಸ ಪೈಪ್‌ಲೈನ್, ಒಳಬಸಿ, ಸೋಲಾರ್ ಯಾವುದಕ್ಕೂ ಸಾಲ ಮಾಡುವ ಮೊದಲು ಭೂಸ್ವಾಧೀನ ಕಚೇರಿಯಲ್ಲಿ ನಿಮ್ಮ ಜಮೀನಿನ ಸ್ಥಿತಿ ಕೇಳಿ. ಉತಾರದಲ್ಲಿ ನೀರಾವರಿ ಎಂದು ನಮೂದಾಗಿದೆಯೇ ಎನ್ನುವುದನ್ನೂ ಇವತ್ತೇ ನೋಡಿ. ವರ್ಷಗಳಿಂದ ಹೊಳೆ ನೀರು ಎತ್ತುತ್ತಿದ್ದರೂ ಉತಾರದಲ್ಲಿ ಖುಷ್ಕಿ (ಒಣ ಬೇಸಾಯ) ಎಂದೇ ಉಳಿದ ಹೊಲಗಳು ಬಹಳ ಇವೆ. ತಿದ್ದುಪಡಿಯ ಅರ್ಜಿಯ ಜೊತೆಗೆ ನೀರೆತ್ತುವ ಅನುಮತಿ ಪತ್ರ, ಪಂಪ್‌ಸೆಟ್‌ನ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ), ಹಿಂದಿನ ವರ್ಷಗಳ ಬೆಳೆ ಸಮೀಕ್ಷೆಯ ಪ್ರತಿ ಇಟ್ಟು ತಹಶೀಲ್ದಾರ್ ಕಚೇರಿಯಲ್ಲಿ ಕೊಡಿ, ಸ್ವೀಕೃತಿ ಪಡೆದುಕೊಂಡೇ ಬನ್ನಿ.